ಹಳತಾದ ಕೆಂಪು ವೈನಿನ ರುಚಿ ಪರೀಕ್ಷೆ

ಈ ತಲೆಬರಹ ನೋಡಿದ ಕೂಡಲೇ "ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಲ್ಲಿ ಭತ್ತ, ಕಬ್ಬು, ಗೋವಿನಜೋಳ ಬೆಳೆಯುವ ನಮಗೆ ಇಟಲಿಯ ವೈನಿನಿಂದ ಏನಾಗಬೇಕು?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಕಾಳಿ ನದಿಯ ದಂಡೆಗೆ ಪ್ರವಾಸಿಗರು ಬರತೊಡಗಿದ ಮೇಲೆ ವೈನ್ ದ್ರಾಕ್ಷಿ ಹಾಕಬಹುದೇ, ಗೇರು ಹಣ್ಣು ಮತ್ತು ನೇರಳೆಯಿಂದ ವೈನ್ ಮಾಡಿಸಬಹುದೇ ಎಂಬ ವಿಚಾರ ಈ ಭಾಗದಲ್ಲಿಯೂ ಏಳುವುದು ಸಹಜ. ಅದಕ್ಕೆ ಉತ್ತರ ಕೆಳಗೆ ಇದೆ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ತಾನು ಬೆಳೆದ ಮಾಲಿನ ರುಚಿಯನ್ನು ತಾನೇ ಕ್ರಮವಾಗಿ ಅಳೆದು, ಬರೆದಿಟ್ಟು, ಅದರ ಆಧಾರದ ಮೇಲೆ ದರ ಕೇಳುವ ಪದ್ಧತಿಯನ್ನು ಇಟಲಿಯ ದ್ರಾಕ್ಷಿ ಬೆಳೆಗಾರರು ಬಹಳ ದೂರ ಕೊಂಡೊಯ್ದಿದ್ದಾರೆ. ಆ ಪದ್ಧತಿ ನಮ್ಮ ಹಳೆ ಅಕ್ಕಿಗೂ, ಜೇನಿಗೂ, ಮುರುಗಲಿಗೂ ಹೊಂದುತ್ತದೆ.

ಮೊದಲೇ ಒಂದು ಮಾತು. ರುಚಿ ನೋಡುವುದೆಂದರೆ ಕುಡಿಯುವುದಲ್ಲ. ಪರೀಕ್ಷಕರು ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳುತ್ತಾರೆ. ನುಂಗುತ್ತಾ ಹೋದರೆ ನಾಲ್ಕನೆಯ ಲೋಟದ ಹೊತ್ತಿಗೆ ನಾಲಿಗೆಯೂ ತಪ್ಪು ಹೇಳುತ್ತದೆ, ತಲೆಯೂ ತಪ್ಪು ಹೇಳುತ್ತದೆ.

ಹಳತಾಗುವುದು ಎಂದರೇನು?

ಎಲ್ಲ ವೈನೂ ಹಳತಾದಷ್ಟು ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಜನರಲ್ಲಿದೆ. ಇದು ತಪ್ಪು. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಒಂದೆರಡು ವರ್ಷಗಳಲ್ಲಿ ಮುಗಿಸಬೇಕಾದದ್ದು. ನಿಮ್ಮ ಕಣಜದಲ್ಲಿಯೂ ಹೀಗೆಯೇ ಅಲ್ಲವೇ? ಭತ್ತವನ್ನು ಚೆನ್ನಾಗಿ ಒಣಗಿಸಿ ಇಟ್ಟರೆ ವರ್ಷ ಕಳೆದ ಮೇಲೆ ಅನ್ನ ಉದುರುದುರಾಗುತ್ತದೆ, ಹೆಚ್ಚು ನೀರು ಹಿಡಿಯುತ್ತದೆ, ಹಿಗ್ಗುತ್ತದೆ. ಅದೇ ಭತ್ತವನ್ನು ಸುಲಿದು ತವುಡು ಸಮೇತ ಕೆಂಪಕ್ಕಿಯಾಗಿ ಇಟ್ಟರೆ ತವುಡಿನ ಎಣ್ಣೆ ಕೆಟ್ಟು ಕೆಲವೇ ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಕಾಲ ಒಂದೇ, ಏನನ್ನು ಇಟ್ಟಿದ್ದೇವೆ, ಹೇಗೆ ಇಟ್ಟಿದ್ದೇವೆ ಎಂಬುದರ ಮೇಲೆ ಫಲ ಬೇರೆ.

ಕೆಂಪು ವೈನ್ ತಡೆದು ನಿಲ್ಲುವುದಕ್ಕೆ ಬೇಕಾದದ್ದು ಹುಳಿ ಮತ್ತು ಒಗರು. ಕಪ್ಪು ದ್ರಾಕ್ಷಿಯ ಸಿಪ್ಪೆ, ಬೀಜಗಳನ್ನು ರಸದ ಜೊತೆಯಲ್ಲಿಯೇ ಹುದುಗಲು ಬಿಡುವುದರಿಂದ ಬಣ್ಣವೂ ಟ್ಯಾನಿನ್ ಎಂಬ ಒಗರಿನ ಅಂಶವೂ ವೈನಿಗೆ ಇಳಿಯುತ್ತವೆ. ಎಳೆಯ ಅಡಿಕೆ, ಗೇರು ಹಣ್ಣು, ಅಳಲೆಕಾಯಿ ಕಚ್ಚಿದಾಗ ಬಾಯಿ ಹಿಡಿದಂತಾಗುವುದು ಇದೇ ಗುಂಪಿನ ಪದಾರ್ಥಗಳಿಂದ. ಅವು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುಗುಣವನ್ನು ಕಳೆಯುತ್ತವೆ. ವರ್ಷಗಳು ಕಳೆದಂತೆ ಈ ಟ್ಯಾನಿನ್ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳಿಗೂ ಬೆಸೆದುಕೊಂಡು ದೊಡ್ಡದಾಗುತ್ತವೆ. ಒಂದಿಷ್ಟು ತಳಕ್ಕೆ ಇಳಿದು ಗಷ್ಟಾಗುತ್ತವೆ. ಬಾಯಿಗೆ ಒಗರು ಮೆತ್ತಗಾಗುತ್ತದೆ, ಬಣ್ಣ ತಿಳಿಯಾಗುತ್ತದೆ, ಹಣ್ಣಿನ ವಾಸನೆ ಹಿಂದೆ ಸರಿದು ಬೇರೆ ವಾಸನೆಗಳು ಮುಂದೆ ಬರುತ್ತವೆ.

ಇಟಲಿಯ ಮೂರು ವೈನುಗಳು

ಹಳತು ಮಾಡುವುದಕ್ಕೆ ಹೆಸರಾದ ಇಟಲಿಯ ಕೆಂಪು ವೈನುಗಳಲ್ಲಿ ಮೂರನ್ನು ತಿಳಿದರೆ ಸಾಕು. ವಾಯವ್ಯದ ಪಿಯೆಮೊಂಟ್ ಪ್ರಾಂತದ ಬರೋಲೊ, ನೆಬ್ಬಿಯೋಲೊ ಎಂಬ ಒಂದೇ ದ್ರಾಕ್ಷಿ ತಳಿಯಿಂದ ಆಗುತ್ತದೆ. ಮಾರುವ ಮುನ್ನ ಕನಿಷ್ಠ 38 ತಿಂಗಳು ಹಳತಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. 'ರಿಸೆರ್ವಾ' ಎಂದು ಬರೆಯಬೇಕಾದರೆ 62 ತಿಂಗಳು. ಮಧ್ಯ ಇಟಲಿಯ ಟಸ್ಕನಿಯಲ್ಲಿ ಮೊಂತಾಲ್ಚಿನೊ ಎಂಬ ಗುಡ್ಡದ ಊರಿನ ಬ್ರುನೆಲ್ಲೊ, ಸಾಂಜೊವೇಸೆ ತಳಿಯದು. ಕೊಯ್ಲಾದ ವರ್ಷದ ನಂತರದ ಐದನೆಯ ವರ್ಷದ ಜನವರಿ 1ಕ್ಕಿಂತ ಮೊದಲು ಅದನ್ನು ಮಾರುವಂತಿಲ್ಲ. ಮೂರನೆಯದು ವೆರೋನಾ ಕಡೆಯ ಅಮರೋನೆ. ಕೊಯ್ದ ಗೊಂಚಲುಗಳನ್ನು ತಟ್ಟೆಗಳ ಮೇಲೆ ಹರಡಿ ಚಳಿಗಾಲದಲ್ಲಿ ಮೂರು ತಿಂಗಳಿನಷ್ಟು ಒಣಗಿಸಿ ಆಮೇಲೆ ಹಿಂಡುತ್ತಾರೆ. ನೀರು ಹೋಗಿ ಸಕ್ಕರೆ ಉಳಿಯುತ್ತದೆ, ವೈನ್ ಗಡುಸಾಗುತ್ತದೆ.

ಸಾಗವಾನಿ ನಾಡಿನವರು ಪೀಪಾಯಿ ಯಾವ ಮರದ್ದು ಎಂದು ಕೇಳಿಯೇ ಕೇಳುತ್ತೀರಿ. ರೂಢಿಯಲ್ಲಿರುವುದು ಓಕ್ ಮರ. ವೈನಿಗೆ ಬಳಸುವ ಓಕ್ ಜಾತಿಗಳಲ್ಲಿ ತಿರುಳಿನ ನಾಳಗಳು ತಾವಾಗಿಯೇ ಮುಚ್ಚಿಕೊಂಡಿರುವುದರಿಂದ ಸೋರುವುದಿಲ್ಲ, ಮರ ತನ್ನ ಕಡೆಯಿಂದ ಒಂದಿಷ್ಟು ಟ್ಯಾನಿನ್ನನ್ನೂ ವೆನಿಲಾದಂಥ ಪರಿಮಳವನ್ನೂ ಕೊಡುತ್ತದೆ. ನಮ್ಮ ಸಾಗವಾನಿ ಬಾಗಿಲಿಗೆ, ತೊಲೆಗೆ ಶ್ರೇಷ್ಠ. ಅದರ ಎಣ್ಣೆಯಂಶ ಮತ್ತು ವಾಸನೆ ವೈನಿಗೆ ಬೇಡ.

ಈಗ ನಮಗೆ ಬೇಕಾದ ವಿಷಯ. ಮೇಲಿನ ವೈನುಗಳಿಗೆ ಸರ್ಕಾರಿ ಮುದ್ರೆಯ ಪಟ್ಟಿ ಬೀಳಬೇಕಾದರೆ ರಾಸಾಯನಿಕ ಪರೀಕ್ಷೆಯೊಂದನ್ನು ದಾಟಿದರೆ ಸಾಲದು. ರುಚಿ ನೋಡುವವರ ಸಮಿತಿಯ ಮುಂದೆಯೂ ಪಾಸಾಗಬೇಕು. ಇಂಥ ಬಿಗಿ ಏಕೆ ಬೇಕು ಎಂಬುದಕ್ಕೆ ಅದೇ ಟಸ್ಕನಿಯ ಕಿಯಾಂತಿ ವೈನಿನ ಕಥೆ ಸಾಕ್ಷಿ. 1967ರ ನಿಯಮ ಈ ಕೆಂಪು ವೈನಿಗೆ ಶೇಕಡಾ 10ರಿಂದ 30ರವರೆಗೆ ಬಿಳಿ ದ್ರಾಕ್ಷಿಯನ್ನು ಸೇರಿಸಲು ಹೇಳುತ್ತಿತ್ತು. ಬಿಳಿ ದ್ರಾಕ್ಷಿ ಸುಲಭವಾಗಿ ಹೆಚ್ಚು ಇಳುವರಿ ಕೊಡುತ್ತಿತ್ತು. ವೈನ್ ತೆಳ್ಳಗಾಯಿತು, ಹೆಸರು ಕೆಟ್ಟಿತು, ದರ ಬಿದ್ದಿತು. ಕಿಯಾಂತಿ ಕ್ಲಾಸಿಕೊ ಭಾಗದಲ್ಲಿ 2006ರ ಕೊಯ್ಲಿನಿಂದ ಬಿಳಿ ದ್ರಾಕ್ಷಿಯನ್ನು ಪೂರ್ತಿ ನಿಷೇಧಿಸಿದರು. ಹೊಸ ಅಕ್ಕಿಯನ್ನು ಹಳೆ ಅಕ್ಕಿಯಲ್ಲಿ ಬೆರೆಸಿ ಮಾರುವ ವ್ಯಾಪಾರ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪರೀಕ್ಷೆಗೆ ಸಿದ್ಧತೆ

ಬೆಳಗಿನ ಹತ್ತು ಹನ್ನೊಂದು ಗಂಟೆ ಒಳ್ಳೆಯ ಹೊತ್ತು. ಹೊಟ್ಟೆ ತುಂಬಿರಬಾರದು, ಹಸಿದೂ ಇರಬಾರದು. ಕೋಣೆಯಲ್ಲಿ ಊದಿನಕಡ್ಡಿ, ಒಗ್ಗರಣೆ, ಫಿನಾಯಿಲ್ ವಾಸನೆ ಇರಕೂಡದು. ಎಲ್ಲಕ್ಕಿಂತ ಮುಖ್ಯ, ಕನಿಷ್ಠ ಎರಡು ತಾಸು ಮೊದಲಿನಿಂದ ಎಲೆ-ಅಡಿಕೆ, ತಂಬಾಕು, ಗುಟ್ಕಾ ಬಾಯಿಗೆ ಹಾಕಬಾರದು. ನಮ್ಮ ಕಡೆ ಇದೇ ಕಷ್ಟದ ನಿಯಮ. ಸುಣ್ಣ ತಾಗಿದ ನಾಲಿಗೆಗೆ ಒಗರು ತಿಳಿಯುವುದಿಲ್ಲ.

ಹಳೆಯ ಬಾಟಲಿಯನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿರಿ, ಗಷ್ಟು ತಳಕ್ಕೆ ಕೂರಲಿ. ಹಳೆಯ ಬೆಂಡಿನ ಬಿರಟೆ ಪುಡಿಯಾಗುವುದುಂಟು, ನಿಧಾನವಾಗಿ ತೆಗೆಯಬೇಕು. ಅಲುಗಿಸದೆ, ಬಾಟಲಿಯ ಕುತ್ತಿಗೆಯ ಹಿಂದೆ ಬ್ಯಾಟರಿ ಬೆಳಕು ಹಿಡಿದು, ತಿಳಿಯನ್ನು ಇನ್ನೊಂದು ಗಾಜಿನ ಹೂಜಿಗೆ ಬಸಿಯಿರಿ. ಬೆಳಕಿನಲ್ಲಿ ಗಷ್ಟಿನ ಎಳೆ ಕಂಡ ಕೂಡಲೇ ನಿಲ್ಲಿಸಿರಿ. ಹೆಂಗಸರು ಅನ್ನದ ಗಂಜಿ ಬಸಿಯುವ ಕೈಚಳಕವೇ ಇದಕ್ಕೂ ಬೇಕು. ಹತ್ತು ವರ್ಷದೊಳಗಿನ ಗಡಸು ಬರೋಲೊ ಒಂದೆರಡು ತಾಸು ಗಾಳಿ ತಿಂದರೆ ಅರಳುತ್ತದೆ. ಬಹಳ ಹಳೆಯದಕ್ಕೆ ಅಷ್ಟು ಗಾಳಿ ತಡೆಯುವುದಿಲ್ಲ, ಸ್ವಲ್ಪ ಹೊತ್ತಿನಲ್ಲಿಯೇ ಪರಿಮಳ ಆರಿಹೋಗಬಹುದು.

ಇಂಥ ವೈನನ್ನು 'ಕೋಣೆಯ ಉಷ್ಣತೆಯಲ್ಲಿ' ಕೊಡಬೇಕೆಂದು ಪುಸ್ತಕಗಳು ಹೇಳುತ್ತವೆ. ಆ ಕೋಣೆ ಯುರೋಪಿನದು, 16ರಿಂದ 18 ಡಿಗ್ರಿ ಸೆಲ್ಸಿಯಸ್. ಹಳಿಯಾಳದ ಏಪ್ರಿಲ್ ತಿಂಗಳ ಕೋಣೆಯಲ್ಲ. ಫ್ರಿಜ್ಜಿನಲ್ಲಿ ಅಷ್ಟು ತಣ್ಣಗಾಗುವವರೆಗೆ ಇಟ್ಟು ತೆಗೆದರೆ ಸರಿಹೋಗುತ್ತದೆ. ಬಿಸಿಯಾದ ವೈನಿನಲ್ಲಿ ಮದ್ಯಸಾರದ ಘಾಟೇ ಮೂಗಿಗೆ ಹೊಡೆಯುತ್ತದೆ. ಬಹಳ ತಣ್ಣಗಾದರೆ ವಾಸನೆ ಸತ್ತು ಒಗರು ಏರುತ್ತದೆ. ಲೋಟ ತೆಳು ಗಾಜಿನದಾಗಿರಲಿ, ಹೊಟ್ಟೆ ಅಗಲ, ಬಾಯಿ ಕಿರಿದು. ಕಾಲುಭಾಗಕ್ಕಿಂತ ಹೆಚ್ಚು ತುಂಬಬೇಡಿ.

ಕಣ್ಣು, ಮೂಗು, ಬಾಯಿ

ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದು ಅಂಚನ್ನು ನೋಡಿರಿ. ಎಳೆಯ ವೈನಿನ ಅಂಚು ನೇರಳೆ ಅಥವಾ ಮಾಣಿಕ್ಯದ ಕೆಂಪು. ವಯಸ್ಸಾದಂತೆ ದಾಳಿಂಬೆಯ ಕೆಂಪು, ಆಮೇಲೆ ಸುಟ್ಟ ಇಟ್ಟಿಗೆಯ ಬಣ್ಣ, ಕೊನೆಗೆ ಕಂದು. ನೆಬ್ಬಿಯೋಲೊ ಎಳೆಯದಿರುವಾಗಲೂ ತಿಳಿ ಬಣ್ಣದ್ದೇ. ಬಣ್ಣ ಕಡಿಮೆ ಎಂದು ಅದನ್ನು ಹೀಗಳೆದವರು ಬಾಯಿಗೆ ಹಾಕಿಕೊಂಡಾಗ ಅದರ ಒಗರಿಗೆ ಬೆಚ್ಚುತ್ತಾರೆ. ಬಣ್ಣದಿಂದ ವಯಸ್ಸು ಊಹಿಸಬಹುದು, ಬಲವನ್ನಲ್ಲ. ಕದಡಿದ ವೈನ್ ಬೇರೆ, ತಳದಲ್ಲಿ ಗಷ್ಟು ಕೂತು ಮೇಲೆ ತಿಳಿಯಿರುವ ವೈನ್ ಬೇರೆ. ಎರಡನೆಯದು ದೋಷವಲ್ಲ.

ಮೂಗಿನ ಕೆಲಸವೇ ಈ ಪರೀಕ್ಷೆಯಲ್ಲಿ ದೊಡ್ಡದು. ನಾಲಿಗೆಗೆ ತಿಳಿಯುವ ರುಚಿಗಳು ಬೆರಳೆಣಿಕೆಯಷ್ಟು. ನಾವು 'ರುಚಿ' ಎನ್ನುವ ಉಳಿದದ್ದೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೇರುವ ವಾಸನೆ. ನೆಗಡಿಯಾದಾಗ ಸಾರು ಸಪ್ಪೆಯಾಗುವುದು ಇದರಿಂದಲೇ. ಮೊದಲು ಲೋಟವನ್ನು ಅಲುಗಿಸದೆ ಮೂಸಿರಿ, ನಂತರ ಸುತ್ತ ತಿರುಗಿಸಿ ಮೂಸಿರಿ, ಎರಡನ್ನೂ ಬೇರೆ ಬೇರೆ ಬರೆಯಿರಿ.

ಬರೆಯುವಾಗ ಪರದೇಶದ ಪುಸ್ತಕದ ಮಾತುಗಳನ್ನು ಎರವಲು ತರಬೇಡಿ. ಸಾಂಜೊವೇಸೆಯಲ್ಲಿ ಹುಳಿ ಚೆರ್ರಿ ಹಣ್ಣಿನ ವಾಸನೆ ಎಂದು ಅವರು ಬರೆಯುತ್ತಾರೆ. ಆ ಹಣ್ಣನ್ನು ಕಾಣದವರು ಹಾಗೆ ಬರೆದರೆ ಅದು ಸುಳ್ಳು ವರದಿ. ಹಳೆಯ ಬರೋಲೊದಲ್ಲಿ ಗುಲಾಬಿ, ಡಾಂಬರು, ತೊಗಲು, ಹೊಗೆಸೊಪ್ಪು, ಅಣಬೆ, ಕಾಡಿನ ನೆಲದ ವಾಸನೆ ಎನ್ನುತ್ತಾರೆ. ಇಲ್ಲಿ ನೀವು ಅವರಿಗಿಂತ ಹಿಂದೆ ಬಿದ್ದವರಲ್ಲ. ಮೊದಲ ಮಳೆ ಬಿದ್ದ ಮರುದಿನ ಸಾಗವಾನಿಯ ತರಗೆಲೆ ಕೊಡುವ ವಾಸನೆ, ಹುತ್ತದ ಬದಿಯಲ್ಲಿ ಅಣಬೆ ಏಳುವಾಗಿನ ಮಣ್ಣಿನ ವಾಸನೆ, ಒಣಗಿಸಿದ ಮುರುಗಲ ಸಿಪ್ಪೆ, ಗಾಣದ ಕಾಕಂಬಿ, ಅಟ್ಟದ ಮೇಲಿನ ಹಳೆಯ ಅಡಿಕೆ ಚೀಲ ಇವು ನಿಮಗೆ ಗೊತ್ತು. ಅದೇ ಮಾತುಗಳಲ್ಲಿ ಬರೆಯಿರಿ. ಮುಂದಿನ ವರ್ಷ ಓದಿದಾಗ ನಿಮಗೇ ಅರ್ಥವಾಗುವ ಮಾತೇ ಒಳ್ಳೆಯ ಮಾತು.

ಆಮೇಲೆ ಒಂದು ಚಮಚದಷ್ಟು ಬಾಯಿಗೆ ತೆಗೆದುಕೊಂಡು, ತುಟಿ ಸಡಿಲಿಸಿ ಸ್ವಲ್ಪ ಗಾಳಿ ಎಳೆದು, ಹತ್ತು ಎಣಿಸುವಷ್ಟು ಹೊತ್ತು ಒಸಡಿಗೆಲ್ಲ ಮುಟ್ಟಿಸಿ ಉಗುಳಿರಿ. ಹುಳಿ ಎಷ್ಟು ಎಂಬುದು ಕೆನ್ನೆಯ ಒಳಗೆ ಜೊಲ್ಲು ಸುರಿಯುವುದರಿಂದ ತಿಳಿಯುತ್ತದೆ, ಒಗರು ಒಸಡಿನಲ್ಲಿ, ಮದ್ಯಸಾರ ಗಂಟಲಿನ ಬಿಸಿಯಲ್ಲಿ. ಉಗುಳಿದ ಮೇಲೆ ಎಷ್ಟು ಹೊತ್ತು ರುಚಿ ನಿಂತಿದೆ ಎಂದು ಎಣಿಸಿರಿ. ಒಳ್ಳೆಯ ಹಳೆ ವೈನಿನಲ್ಲಿ ಒಗರು ಇದ್ದೂ ನಯವಾಗಿರುತ್ತದೆ, ರುಚಿ ಬಹಳ ಹೊತ್ತು ಉಳಿಯುತ್ತದೆ. ಮುದಿಯಾದದ್ದರಲ್ಲಿ ಹಣ್ಣೂ ಇಲ್ಲ, ಪರಿಮಳವೂ ಇಲ್ಲ, ಬರೀ ಹುಳಿ ಉಳಿದಿರುತ್ತದೆ. ದುಬಾರಿ ಬಾಟಲಿ ಎಂಬ ಕಾರಣಕ್ಕೆ ಮುದಿ ವೈನನ್ನು ಹೊಗಳುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ.

ಅಂಕ ಕೊಡುವುದಕ್ಕೆ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 1959ರಲ್ಲಿ ತಂದ 20 ಅಂಕಗಳ ಪಟ್ಟಿ ಅನುಕೂಲವಾದದ್ದು. ಬಣ್ಣ, ತಿಳಿ, ವಾಸನೆ, ಹುಳಿ, ಸಿಹಿ, ಒಗರು ಹೀಗೆ ಒಂದೊಂದಕ್ಕೂ ಬೇರೆ ಅಂಕ. ಒಟ್ಟಾರೆ 'ಚೆನ್ನಾಗಿದೆ' ಎಂದು ಹೇಳಿ ಜಾರಿಕೊಳ್ಳಲು ಈ ಪಟ್ಟಿ ಬಿಡುವುದಿಲ್ಲ.

ದೋಷಗಳು, ಮತ್ತು ನಾಲಿಗೆ ಹೇಳಲಾರದ ಒಂದು ವಿಷ

ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ ಬಂದರೆ ದೋಷ ಬೆಂಡಿನ ಬಿರಟೆಯದು. ಟಿ.ಸಿ.ಎ. ಎಂಬ ರಾಸಾಯನಿಕದ ಅತಿ ಸಣ್ಣ ಅಂಶವೂ ಇದಕ್ಕೆ ಸಾಕು. ವಿನೆಗರ್ ಅಥವಾ ಉಗುರುಬಣ್ಣದ ಘಾಟು ಬಂದರೆ ಅಸೆಟಿಕ್ ಬ್ಯಾಕ್ಟೀರಿಯಾ ಕೈಯಾಡಿಸಿವೆ. ಕುದುರೆ ಲಾಯದ ವಾಸನೆ ಒಂದು ಜಾತಿಯ ಕಾಡು ಯೀಸ್ಟಿನಿಂದ. ಅಲ್ಪವಿದ್ದರೆ ಕೆಲವರು ಇಷ್ಟಪಡುತ್ತಾರೆ, ಹೆಚ್ಚಾದರೆ ಬಿಸಾಡಬೇಕು. ಬೇಯಿಸಿದ ಜಾಮಿನ ವಾಸನೆ, ಬಿರಟೆ ಮೇಲಕ್ಕೆ ತಳ್ಳಿಕೊಂಡಿರುವುದು, ಇವು ಬಾಟಲಿ ಬಿಸಿಲು ಕಂಡಿದೆ ಎಂಬ ಸೂಚನೆ. ನಮ್ಮ ದೇಶದಲ್ಲಿ ಲಾರಿ, ಗೋದಾಮುಗಳ ಸೆಕೆಯಿಂದಾಗಿ ಈ ಕೊನೆಯ ದೋಷವನ್ನು ಮೊದಲು ಹುಡುಕಬೇಕು. 12ರಿಂದ 15 ಡಿಗ್ರಿಯಲ್ಲಿ, ಕತ್ತಲಲ್ಲಿ, ಅಡ್ಡ ಮಲಗಿಸಿ ಇಡಲಾಗದವರು ವೈನನ್ನು ಹಳತು ಮಾಡುವ ಗೋಜಿಗೆ ಹೋಗಬಾರದು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಒತ್ತಿ ಹೇಳಬೇಕಾಗಿದೆ. ಮೆಥನಾಲ್ ಎಂಬ ವಿಷಮದ್ಯಸಾರವನ್ನು ಎಷ್ಟೇ ನುರಿತ ನಾಲಿಗೆಯೂ ನಂಬಿಕೆಯಿಂದ ಗುರುತಿಸಲಾರದು. 1986ರಲ್ಲಿ ಇದೇ ಇಟಲಿಯಲ್ಲಿ, ಅಗ್ಗದ ವೈನಿನ ಮದ್ಯಸಾರದ ಪ್ರಮಾಣ ಏರಿಸಲು ಮೆಥನಾಲ್ ಬೆರೆಸಿದ್ದರಿಂದ 20ಕ್ಕೂ ಹೆಚ್ಚು ಜನ ಸತ್ತರು, ಕೆಲವರು ಕಣ್ಣು ಕಳೆದುಕೊಂಡರು. ಅದಕ್ಕೆ ಐದು ವರ್ಷ ಮೊದಲು, 1981ರ ಜುಲೈನಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ಇದನ್ನು ಕಂಡುಹಿಡಿಯುವುದು ಪ್ರಯೋಗಶಾಲೆ ಮಾತ್ರ. ಚೀಟಿಯಿಲ್ಲದ, ಯಾರು ಮಾಡಿದರೆಂದು ತಿಳಿಯದ ಬಾಟಲಿಯನ್ನು ಪರೀಕ್ಷೆಗೆಂದೂ ಬಾಯಿಗೆ ಹಾಕಬೇಡಿ, ಹೊರಗಿನಿಂದ ಬಂದ ಅತಿಥಿಗಳಿಗೂ ಕೊಡಬೇಡಿ.

ನಮ್ಮಲ್ಲಿ ಬೆಳೆಯಬಹುದೇ?

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಭಾಗದಲ್ಲಿ ಫ್ರಾನ್ಸಿನ ತಳಿಗಳಿಂದ ವೈನ್ ತಯಾರಾಗುತ್ತದೆ. ಹಂಪಿ ಬೆಟ್ಟಗಳ ಕಡೆ ಇಟಲಿಯ ಸಾಂಜೊವೇಸೆಯನ್ನೇ ಬೆಳೆದು ವೈನ್ ಮಾಡಿದ್ದಾರೆ. ಇವೆಲ್ಲ ಒಣ ಹವೆಯ ಪ್ರದೇಶಗಳು. ಅಲ್ಲಿ ಏಪ್ರಿಲ್ ಸುಮಾರಿಗೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ ಬಳ್ಳಿ ಸವರಿ, ಬೇಸಿಗೆಯ ಮೊದಲಲ್ಲಿ ಕೊಯ್ಯುತ್ತಾರೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಪಶ್ಚಿಮಕ್ಕೆ ಹೋದಷ್ಟೂ ಮಳೆ ಏರುತ್ತದೆ. ಜೋಯಿಡಾದಲ್ಲಿಯಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗುವುದೇ ಅಪರೂಪ. ಮುಂದಿನ ಫಸಲಿನ ಕಣ್ಣುಗಳು ಬಲಿಯಬೇಕಾದ ಕಡ್ಡಿಗಳೇ ಆ ತಿಂಗಳುಗಳಲ್ಲಿ ಡೌನಿ ಮಿಲ್ಡ್ಯೂ, ಚಿಬ್ಬು ರೋಗಗಳಿಗೆ ಸಿಗುತ್ತವೆ. ಔಷಧಿ ಸಿಂಪಡಿಸಿದರೂ ಮಳೆ ತೊಳೆದುಬಿಡುತ್ತದೆ. ಹಳಿಯಾಳ, ಮುಂಡಗೋಡದ ಪೂರ್ವಭಾಗದಲ್ಲಿ ನೀರು ಬಸಿಯುವ ಕೆಂಪು ಮಣ್ಣಿದೆಯಲ್ಲ ಎಂದು ಯಾರಾದರೂ ಆಸೆ ತೋರಿಸಿದರೆ, ಕೊಳ್ಳುವ ಕಾರ್ಖಾನೆಯ ಲಿಖಿತ ಒಪ್ಪಂದ ಕೈಗೆ ಬರುವವರೆಗೆ ಒಂದು ಬಳ್ಳಿಯನ್ನೂ ನೆಡಬೇಡಿ. ವೈನ್ ದ್ರಾಕ್ಷಿ ಚಿಕ್ಕದು, ಬೀಜ ತುಂಬಿದ್ದು. ಕಾರ್ಖಾನೆ ಕೈಬಿಟ್ಟರೆ ಸಂತೆಯಲ್ಲಿ ಅದನ್ನು ಕೇಳುವವರಿಲ್ಲ.

ಗೇರು ಹಣ್ಣು ಮತ್ತು ನೇರಳೆಯ ವಿಷಯ ಬೇರೆ. ಇವು ಇಲ್ಲಿಯವೇ ಬೆಳೆ. ಎರಡರಲ್ಲಿಯೂ ಒಗರು ಬಹಳ, ಆದ್ದರಿಂದ ಮೇಲೆ ಹೇಳಿದ ಪರೀಕ್ಷೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪಕ್ಕದ ಗೋವೆಯ ಗೇರು ಫೆಣಿ 2009ರಲ್ಲಿ ಭೌಗೋಳಿಕ ಗುರುತು ಪಡೆದಿದೆ. ಆದರೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಅಪರಾಧ. ಹಣ್ಣು ಹುದುಗಿಸುವ ಮೊದಲೇ ಅಬಕಾರಿ ಕಚೇರಿಯಲ್ಲಿ ವಿಚಾರಿಸಿರಿ.

ಮೂರು ಬಟ್ಟಲಿನ ಪರೀಕ್ಷೆ

ವೈನ್ ಮುಟ್ಟದವರೂ ಮಾಡಬಹುದಾದದ್ದು ಇದು. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯವರು ರೂಢಿಗೆ ತಂದ ಕ್ರಮ, ಈಗ ಜಗತ್ತಿನ ಆಹಾರ ಪ್ರಯೋಗಶಾಲೆಗಳಲ್ಲೆಲ್ಲ ಇದೆ. ನಿಮ್ಮ ವರ್ಷ ಹಳೆಯ ಇಂಟಾನ್ ಅಕ್ಕಿಗೆ ವ್ಯಾಪಾರಿ ಹೊಸ ಅಕ್ಕಿಯ ದರವನ್ನೇ ಹೇಳುತ್ತಾನೆ ಎಂದಿಟ್ಟುಕೊಳ್ಳಿ. "ತಿಂದರೆ ವ್ಯತ್ಯಾಸ ತಿಳಿಯುವುದಿಲ್ಲ" ಎನ್ನುವುದು ಅವನ ವಾದ. ತಿಳಿಯುತ್ತದೆಯೋ ಇಲ್ಲವೋ ನೋಡೋಣ.

ಎರಡೂ ಅಕ್ಕಿಯನ್ನು ಒಂದೇ ಅಳತೆಯಲ್ಲಿ, ಒಂದೇ ಬಗೆಯ ಪಾತ್ರೆಯಲ್ಲಿ, ಉಪ್ಪು ಹಾಕದೆ ಬೇಯಿಸಿರಿ. ಹಳೆಯದಕ್ಕೆ ಅದು ಬೇಡುವಷ್ಟು ನೀರು ಕೊಡಿ. ಒಬ್ಬೊಬ್ಬರ ಮುಂದೆ ಮೂರು ಬಟ್ಟಲು ಇಡಬೇಕು. ಎರಡರಲ್ಲಿ ಒಂದೇ ಅನ್ನ, ಒಂದರಲ್ಲಿ ಬೇರೆ. ಬೇರೆಯದು ಯಾವುದು ಎಂದಷ್ಟೇ ಕೇಳಿರಿ, ಯಾವುದು ಚೆನ್ನಾಗಿದೆ ಎಂದು ಕೇಳಬೇಡಿ. ಬಟ್ಟಲುಗಳನ್ನು ಜೋಡಿಸಲು ಆರು ಬಗೆಗಳಿವೆ: ಬೇರೆಯದು ಹಳೆಯದಾಗಿದ್ದು ಎಡ, ನಡು, ಬಲ, ಹೊಸದಾಗಿದ್ದು ಎಡ, ನಡು, ಬಲ. ಆರನ್ನೂ ಸಮವಾಗಿ ಹಂಚಿರಿ. ಬಡಿಸುವವರಿಗೂ ಯಾವುದು ಯಾವುದೆಂದು ಗೊತ್ತಿರಬಾರದು, ಏಕೆಂದರೆ ಮುಖ ನೋಡಿ ಊಹಿಸುವ ಚತುರರು ಪ್ರತಿ ಊರಿನಲ್ಲಿಯೂ ಇದ್ದಾರೆ. ನಡುವೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಲಿ.

ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರ ಉತ್ತರ ಸರಿಯಾಗುತ್ತದೆ. ಆದ್ದರಿಂದ 12 ಜನರಲ್ಲಿ ನಾಲ್ವರು ಸರಿ ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಎಂಟು ಅಥವಾ ಅದಕ್ಕಿಂತ ಹೆಚ್ಚು ಜನ ಸರಿ ಹೇಳಿದರೆ ವ್ಯತ್ಯಾಸ ನಿಜವೆಂದು ಹಿಡಿಯಬಹುದು. ಬರೀ ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ. ಒಂಬತ್ತು ಜನರಾದರೆ ಆರು ಸರಿ ಉತ್ತರ ಬೇಕು, ಆರೇ ಜನರಾದರೆ ಐದು. ಪರೀಕ್ಷೆಯ ದಿನ, ಭತ್ತದ ತಳಿ, ಕೊಯ್ಲಿನ ತಿಂಗಳು, ಸರಿ ಉತ್ತರಗಳ ಸಂಖ್ಯೆ ಇಷ್ಟನ್ನು ಒಂದು ವಹಿಯಲ್ಲಿ ಬರೆದು, ಎರಡೂ ಅಕ್ಕಿಯಿಂದ ಪಾವಿನಷ್ಟು ಮಾದರಿಯನ್ನು ಚೀಟಿ ಹಚ್ಚಿ ತೆಗೆದಿಡಿರಿ. ಮುಂದಿನ ಸಲ ದರದ ಮಾತು ಬಂದಾಗ ವಹಿಯನ್ನೂ ಮಾದರಿಯನ್ನೂ ಒಟ್ಟಿಗೆ ಮುಂದಿಡಬಹುದು.